ಹಳೇ ಪ್ರಸಂಗಕ್ಕೆ ಹೊಸ ಕಟ್ಟಳೆ

ಗದಾಯುದ್ಧದಲ್ಲಿ ಗೆಲ್ಲುವವರು ಯಾರೆಂದು ತಿಳಿಯಲಿಕ್ಕೆ ಯಾರೂ ರನ್ನನನ್ನು ಓದುವುದಿಲ್ಲ. ತೊಡೆ ಮುರಿಯುವುದು ದುರ್ಯೋಧನನದೇ ಎಂಬುದು ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಗೂ ಗೊತ್ತಿತ್ತು, ಅವನ ಕೇಳುಗರಿಗೂ ಗೊತ್ತಿತ್ತು. ಪಂಪ ತನ್ನ ವಿಕ್ರಮಾರ್ಜುನ ವಿಜಯದ ಹದಿಮೂರನೆಯ ಆಶ್ವಾಸದಲ್ಲಿ ಆಡಿಸಿ ಮುಗಿಸಿದ್ದ ಕಾಳಗವನ್ನೇ ರನ್ನ ಮತ್ತೆ ಎತ್ತಿಕೊಂಡ. ಕಥೆ ಹಾಗೇ ಇತ್ತು, ಕಟ್ಟಳೆ ಬೇರೆಯಾಯಿತು. ಯುದ್ಧದ ಕೊನೆಯ ದಿನದಲ್ಲಿ ನಿಂತು ಹಿಂದಿನದನ್ನೆಲ್ಲ ತಿರುಗಿ ನೋಡಬೇಕು ಎಂಬುದು ಅವನು ತನಗೇ ಹಾಕಿಕೊಂಡ ನಿಯಮ. ಅಷ್ಟಕ್ಕೇ ಸೋಲುವವನು ದೊಡ್ಡವನಾಗಿ ಕಂಡ. ಕಾವ್ಯದ ಹೆಸರು ಸಾಹಸಭೀಮ ವಿಜಯ. ನಮ್ಮ ಮನಸ್ಸಿನಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಮುಂದೆ 1926ರಲ್ಲಿ ಬಿ.ಎಂ.ಶ್ರೀ. ಅದನ್ನು ನಾಟಕ ಮಾಡಿದಾಗ ಗ್ರೀಕರ ದುರಂತ ನಾಟಕದ ಕಟ್ಟಳೆಯೂ ಬಂದು ಸೇರಿತು.

ಇದೆಲ್ಲ ನನಗೆ ಮತ್ತೆ ತಲೆಗೆ ಬಂದದ್ದು ಬನಹಟ್ಟಿಯಲ್ಲಿ. ಕಾಡಸಿದ್ಧೇಶ್ವರ ಜಾತ್ರೆಗೆಂದು ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಗೆಳೆಯರನ್ನು ಕೂಡಿಸಿಕೊಂಡು ಪಡಸಾಲೆಯಲ್ಲಿ ಜಮಖಾನೆ ಹಾಸಿ ಒಂದು ಆಟ ಹೂಡಿದ್ದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಅದರ ಹೆಸರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಪಗಡೆಯಂತೆ ಕಾಯಿ ಹಣ್ಣು ಮಾಡುವ ಆಟವಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ: ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ಕತ್ತಿವೀರ. ಎದುರಿಗೆ ಬಾಗಿಲಿದೆ, ಏನು ಮಾಡ್ತೀರಿ ಅಂತ ನಡೆಸುವವ ಕೇಳುತ್ತಾನೆ, ಅವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡುತ್ತದೆ. ಹಿಂದಿನ ಓಣಿಯ ಅಜ್ಜಾರು ಒಂದು ಕಾಲಕ್ಕೆ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳದಲ್ಲಿ ತಾಳ ಹಾಕುತ್ತಿದ್ದವರು. ಚಹಾ ಕುಡಿಯುತ್ತ ಒಂದಿಷ್ಟು ಹೊತ್ತು ನೋಡಿ, "ಅಲ್ಲೋ ತಮ್ಮಾ, ಈಂವಾ ಭಾಗವತ ಅಲ್ಲೇನು? ಅಂವಾ ನಿಂತಿರತಾನ, ಈಂವಾ ಕುಂತಾನ, ಅಷ್ಟ ಫರಕ" ಅಂದರು.

ಅವತ್ತು ಆಡಿದ ಪ್ರಸಂಗ 'ಟೂಂಬ್ ಆಫ್ ಹಾರರ್ಸ್'. ಮಾಂತ್ರಿಕನೊಬ್ಬನ ಗೋರಿಯೊಳಗೆ ಹೊಕ್ಕು ಜೀವ ಉಳಿಸಿಕೊಂಡು ಬರಬೇಕು. 1978ರಲ್ಲಿ ಅಚ್ಚಾದದ್ದು, 2017ರಲ್ಲಿ ಐದನೇ ಆವೃತ್ತಿಯ ನಿಯಮಕ್ಕೆ ಹೊಂದಿಸಿ ಮತ್ತೆ ಬಂದಿದೆ. ಗೋರಿಯೇನೋ ಅದೇ. ಓಣಿಯ ಕೊನೆಗೆ ಗೋಡೆಯಲ್ಲಿ ಹಸಿರು ರಾಕ್ಷಸನ ಮುಖ. ಬಾಯಿ ಆ ಎಂದು ತೆರೆದಿದೆ, ಒಳಗೆ ಕಗ್ಗತ್ತಲು. ಅದರೊಳಗೆ ಕಾಲಿಟ್ಟವನು ಇಲ್ಲವಾದ, ಹೆಣವೂ ಸಿಗುವುದಿಲ್ಲ. ಹಳೆಯ ಆಟಗಾರರು ಇಂಥಲ್ಲಿ ಉದ್ದ ಕೋಲು ತೂರಿಸಿ ನೋಡುತ್ತಿದ್ದರು. ಹೊರಗೆಳೆದರೆ ಕೋಲಿನ ತುದಿಯೇ ಇಲ್ಲ! ಆ ಕೋಲಿನ ಉಪಾಯ ಆಡುವವನ ತಲೆಯಲ್ಲೇ ಹೊಳೆಯಬೇಕಿತ್ತು. ನಮ್ಮ ಪಡಸಾಲೆಯ ಕಳ್ಳ ಮಾತ್ರ "ಪರೀಕ್ಷೆ ಮಾಡ್ತೇನಿ" ಅಂದು ದಾಳ ಉರುಳಿಸಿದ. ಹದಿನೇಳು ಬಿತ್ತು. ಇದರಲ್ಲೇನೋ ಅಪಾಯ ಇದೆ ಎಂದು ನಡೆಸುವವನೇ ಹೇಳಿಬಿಟ್ಟ.

ಸಾವಿನ ನಿಯಮವೂ ಮೆತ್ತಗಾಗಿದೆ. 1974ರ ಆಟದಲ್ಲಿ ಕಸುವು ಸೊನ್ನೆಗೆ ಇಳಿದರೆ ಪಾತ್ರ ಸತ್ತಂತೆ. ಈಗ ಸೊನ್ನೆಗೆ ಇಳಿದವನು ಸರದಿ ಬಂದಾಗೊಮ್ಮೆ ದಾಳ ಹಾಕುತ್ತಾನೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮೂರು ಸಲ ಬಿದ್ದರೆ ಜೀವ ನಿಲ್ಲುತ್ತದೆ, ಮೂರು ಸಲ ಕಡಿಮೆ ಬಿದ್ದರೆ ಹೋಗುತ್ತದೆ. ಇದು ತಪ್ಪು ಅಂತ ನಾನು ಹೇಳಲಾರೆ. ವರ್ಷಕ್ಕೊಮ್ಮೆ ಊರಿಗೆ ಬಂದು ಕೂಡುವ ಹುಡುಗರು, ತಾಸುಗಟ್ಟಲೆ ಕೂತು ಬರೆದುಕೊಂಡ ಪಾತ್ರ ಮೊದಲನೇ ಬಾಗಿಲಲ್ಲೇ ಸತ್ತರೆ ಉಳಿದ ಹೊತ್ತು ಏನು ಮಾಡಬೇಕು? ಆದರೆ ಆಟ ಯಾರನ್ನು ಪರೀಕ್ಷಿಸುತ್ತಿದೆ ಎಂಬುದು ಬದಲಾಗಿದೆ. ಮೊದಲು ಆಡುವವನ ಬುದ್ಧಿಯ ಪರೀಕ್ಷೆ ನಡೆಯುತ್ತಿತ್ತು. ಈಗ ಹೆಚ್ಚಾಗಿ ಪಾತ್ರವನ್ನು ಬರೆದುಕೊಂಡು ಅವನು ಕೈಯಲ್ಲಿ ಹಿಡಿದ ಹಾಳೆಯ ಪರೀಕ್ಷೆ.

ಅಜ್ಜಾರ ಮಾತಿಗೆ ಬರುತ್ತೇನೆ, ನನ್ನನ್ನು ಕಾಡಿದ್ದು ಅದೇ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತವೂ ಆಡಿ ಆಡಿ ಬೆಳೆದ ಪ್ರಸಂಗ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು, ಕೊನೆಗೆ ಕೊರವಂಜಿ ವೇಷ ಹಾಕಿ ಬಂದ ಕೃಷ್ಣ ಅವಳ ಕೈ ನೋಡಿದ. ಕಥೆ ಇಷ್ಟೇ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಆಟಕ್ಕೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬಂದು ಹೆಸರು ಮಾಡಿದಳು. ಆ ಹಳೆಯ ಕಟ್ಟಳೆ ಮತ್ತೆ ಬರಲಿ ಎಂದು ಇವತ್ತು ಯಾರೂ ಅನ್ನುವುದಿಲ್ಲ. ರಾತ್ರಿಯಿಡೀ ಆಡಬೇಕು ಎಂಬುದನ್ನೂ ನಾನು ದೊಡ್ಡ ವ್ರತ ಅಂತ ನಂಬಿಲ್ಲ. ಕತ್ತಲಲ್ಲಿ ಹೊಲದ ದಾರಿ ಹಿಡಿದು ಪಕ್ಕದ ಊರಿಗೆ ಮರಳುವುದು ಕಷ್ಟವಿತ್ತು, ಬೆಳಗಿನ ತನಕ ಜನ ಕೂತರು, ಅವರು ಕೂತಷ್ಟು ಹೊತ್ತು ಆಟ ನಡೆಯಿತು.

ಪಾರಿಜಾತದಲ್ಲಿ ಹಾಡು ಗಟ್ಟಿ, ಮಾತು ಸಡಿಲು. ಹಾಡಿನ ಸಾಹಿತ್ಯ ಆ ಇಬ್ಬರು ತಮ್ಮಣ್ಣಂದಿರದು, ನಡುವಿನ ಮಾತು ಆ ರಾತ್ರಿಯದು. ಸತ್ಯಭಾಮೆ ರಂಗಕ್ಕೆ ಬಂದಳು ಅನ್ನಿ. ಭಾಗವತ ಅವಳನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಯಾರವ್ವಾ ನೀ, ಯಾವೂರಾಕಿ, ಗಂಡ ಏನು ಮಾಡತಾನ ಅಂತ ಕೆದಕುತ್ತಾನೆ. ಬೀಳಗಿ ಕಡೆ ಹಿನ್ನೀರಿಗೆ ಹೊಲ ಮನೆ ಕಳೆದುಕೊಂಡವರೇ ಕೂತಿದ್ದ ಒಂದು ಆಟದಲ್ಲಿ ಅವಳು ದ್ವಾರಕೆಯವಳೆಂದು ಗತ್ತಿನಿಂದ ಹೇಳಿದಾಗ ಭಾಗವತ, "ದ್ವಾರಕೀನೂ ನೀರಾಗ ಮುಳಗೂದೈತೆಲ್ಲವಾ, ಪರಿಹಾರ ಬಂತೇನು?" ಅಂದ. ಸತ್ಯಭಾಮೆ ಒಂದು ಗಳಿಗೆ ತಡೆದು, "ನಮ್ಮ ಯಜಮಾನ್ರು ಅಡ್ಡ್ಯಾಡಾಕತ್ತಾರ, ಇನ್ನೂ ಸಾಹೇಬರ ಸಹಿ ಆಗಿಲ್ಲ" ಅಂದಳು. ಕೂತವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಕೇಳುವವನಿಗೂ ಗೊತ್ತಿಲ್ಲದ ಉತ್ತರಕ್ಕೆ ಕಾಯುವ ಆ ಒಂದು ಗಳಿಗೆಯಲ್ಲಿ ಪುರಾಣ ಊರಿನದಾಗುತ್ತದೆ. ಗೋರಿಯ ಬಾಯಿಗೆ ಕೋಲು ತೂರಿಸುವವನ ಗಳಿಗೆಯೂ ಅಂಥದ್ದೇ.

ಜಮಖಂಡಿಯಲ್ಲಿ ಈಚೆಗೆ ವೇದಿಕೆಯ ಮೇಲೆ ಎರಡು ತಾಸಿನ ಪಾರಿಜಾತ ನೋಡಿದೆ. ಬೆಳಕು, ಮೈಕು, ಬಟ್ಟೆ ಎಲ್ಲ ಚೆಂದ. ಹಾಡು ಒಂದೂ ಬಿಟ್ಟಿರಲಿಲ್ಲ. ಕತ್ತರಿ ಬಿದ್ದದ್ದು ಭಾಗವತನ ಕೆದಕುವಿಕೆಗೆ. ಅವನು ಬರೆದುಕೊಟ್ಟ ಎರಡು ಪ್ರಶ್ನೆ ಕೇಳಿದ, ಅವಳು ಬಾಯಿಪಾಠದ ಎರಡು ಉತ್ತರ ಕೊಟ್ಟಳು, ಹಾಡು ಶುರುವಾಯಿತು. ಹೊತ್ತು ಉಳಿಸಬೇಕಾದವರಿಗೆ ಮೊದಲು ಕಣ್ಣಿಗೆ ಬೀಳುವುದು ಇದೇ ಭಾಗ, ಯಾಕೆಂದರೆ ಇದು ಬರಹದಲ್ಲಿಲ್ಲ. ಬರಹದಲ್ಲಿ ಇಲ್ಲದ್ದನ್ನು ತೆಗೆದರೆ ಪ್ರಸಂಗಕ್ಕೆ ಏನೂ ಆಗಿಲ್ಲ ಅನಿಸುತ್ತದೆ. ಕಥೆಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಕೂತವರಿಗೆ ಅದರಲ್ಲಿ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ, ಅಷ್ಟೇ.

ಅದಕ್ಕೇ ಜಾತ್ರೆ ಕಮಿಟಿಯವರಿಗೆ, ಉತ್ಸವ ನಡೆಸುವವರಿಗೆ ಒಂದು ವಿನಂತಿ. ಎರಡು ತಾಸೇ ಇರಲಿ, ಒಂದೇ ತಾಸು ಇರಲಿ. ಹಾಡಿನ ಸಾಲು ಮತ್ತೆ ಮತ್ತೆ ಎತ್ತುವುದನ್ನು ಕಡಿಮೆ ಮಾಡಿಸಿರಿ; ಬೇಕಾದರೆ ಕೊರವಂಜಿಯ ಪ್ರವೇಶವನ್ನೂ ಮೊಟಕು ಮಾಡಿಸಿರಿ, ಜನ ಬೈದರೆ ಬೈಯಲಿ. ಭಾಗವತನ ಕೈಗೆ ಮಾತ್ರ ಚೀಟಿ ಕೊಡಬೇಡಿರಿ.