ಸಿನಿಮಾದಲ್ಲಿ ಸುರಿಸಿದ ಕಣ್ಣೀರು



ನನಗೆ ಸಿನಿಮಾ ಹುಚ್ಚು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಡಿ. ಹಿರೇಹಾಳಿನಲ್ಲಿ ಬಸ್ಸಿಗೆ ನಿಂತರೆ ಒಂದು ಕಡೆಗೆ ಬಳ್ಳಾರಿ, ಇನ್ನೊಂದು ಕಡೆಗೆ ರಾಯದುರ್ಗ. ಆ ಕಡೆ ಹೋದರೆ ಕನ್ನಡ ಸಿನಿಮಾ, ಈ ಕಡೆ ಹೋದರೆ ತೆಲುಗು ಸಿನಿಮಾ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ಅದೇ ಜಿಲ್ಲೆಯಲ್ಲಿದ್ದ ನಮ್ಮ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಉಳಿಯಿತು. ಅದರಿಂದ ಹಿರಿಯರಿಗೆ ಏನೇನು ತೊಂದರೆಯಾಯಿತೋ, ಸಿನಿಮಾ ನೋಡುವವರಿಗಂತೂ ನಷ್ಟವಾಗಲಿಲ್ಲ. ರಾಜಕುಮಾರ್ ನಮ್ಮವರೇ, ಎನ್‌ಟಿಆರ್ ಕೂಡ ನಮ್ಮವರೇ ಎಂದುಕೊಂಡು ಬೆಳೆದೆವು.

ಈ ಸಲ ತಪಸ್ಸುಕಾಲಕ್ಕೆ ಮುಂಚೆ ಏನು ಬಿಡಬೇಕು ಎಂಬ ಮಾತು ಮನೆಯಲ್ಲಿ ಬಂತು. ಮಗಳು, “ಅಪ್ಪಾ, ನೀನು ಮಾಂಸ ಬಿಡೋದೇನೂ ದೊಡ್ಡದಲ್ಲ, ಸಿನಿಮಾ ಬಿಡು ನೋಡೋಣ” ಎಂದಳು. ಎಲ್ಲರೂ ನಕ್ಕರು. ನನಗೆ ಸ್ವಲ್ಪ ಸಿಟ್ಟು ಬಂತು. “ನಾನೇನು ಕೆಟ್ಟ ಸಿನಿಮಾ ನೋಡ್ತೀನಾ? ಒಳ್ಳೇ ಸಿನಿಮಾನೇ ನೋಡ್ತೀನಿ. ಎಷ್ಟೋ ಸಲ ಕಣ್ಣಾಗ ನೀರು ಬರುತ್ತೆ. ಇನ್ನೊಬ್ಬರ ಕಷ್ಟಕ್ಕೆ ಅಳೋದು ತಪ್ಪೇನು?” ಎಂದೆ. ಅವಳು ಸುಮ್ಮನೆ ಕೇಳಿದಳು: “ಅತ್ತು ಮನೆಗೆ ಬಂದ ಮೇಲೆ ಏನ್ ಮಾಡಿದಿ ಅಪ್ಪಾ?”

ಉತ್ತರ ಕೊಡಲು ಆಗಲಿಲ್ಲ. ಆ ಪ್ರಶ್ನೆಯನ್ನೇ ಈ ಲೇಖನದಲ್ಲಿ ಎತ್ತಿಕೊಂಡಿದ್ದೇನೆ. ತೆರೆಯ ಮೇಲಿನ ಕಷ್ಟಕ್ಕೆ ನಾವು ಸುರಿಸುವ ಕಣ್ಣೀರು ಕರುಣೆಯೇ? ಅಥವಾ ಕರುಣೆಯ ವೇಷ ಹಾಕಿದ ಒಂದು ಸುಖವೇ?

ಪ್ರಶ್ನೆ ಹೊಸದಲ್ಲ. ಹದಿನಾರು ನೂರು ವರ್ಷಗಳ ಹಿಂದೆಯೇ ಸಂತ ಅಗಸ್ಟೀನರು ಇದನ್ನು ಕೇಳಿಕೊಂಡಿದ್ದಾರೆ. ಹರೆಯದಲ್ಲಿ ಓದಲೆಂದು ಕಾರ್ಥೇಜ್ ನಗರಕ್ಕೆ ಹೋದಾಗ ಅವರಿಗೆ ನಾಟಕದ ಹುಚ್ಚು ಹಿಡಿದಿತ್ತು. ಮುಂದೆ ತಮ್ಮ ‘ಕನ್ಫೆಶನ್ಸ್’ ಗ್ರಂಥದ ಮೂರನೆಯ ಭಾಗದಲ್ಲಿ ಅದನ್ನು ನೆನೆದು ಬರೆಯುತ್ತಾರೆ. ತನಗೆ ಬೇಡವಾದ ದುಃಖವನ್ನು ಮನುಷ್ಯ ನಾಟಕದಲ್ಲಿ ಮಾತ್ರ ಯಾಕೆ ಇಷ್ಟಪಟ್ಟು ನೋಡುತ್ತಾನೆ ಎಂಬುದು ಅವರ ಬೆರಗು. ಅವರು ಕಂಡುಕೊಂಡದ್ದು ಇಷ್ಟು: ನಾಟಕ ನೋಡುವವನನ್ನು ಯಾರೂ ಸಹಾಯಕ್ಕೆ ಕರೆಯುವುದಿಲ್ಲ, ಅಳುವುದಕ್ಕೆ ಮಾತ್ರ ಕರೆಯುತ್ತಾರೆ. ಹೆಚ್ಚು ಅಳಿಸಿದ ನಟನನ್ನು ಹೆಚ್ಚು ಹೊಗಳುತ್ತಾನೆ, ಅಳು ಬರದಿದ್ದರೆ ಬೇಸರಪಟ್ಟು ಎದ್ದು ಹೋಗುತ್ತಾನೆ. ಇದೆಂಥ ಕರುಣೆ ಎಂದು ಅವರು ಕೇಳುತ್ತಾರೆ.

ಇದಕ್ಕೆ ಬೇರೆ ಉತ್ತರಗಳೂ ಇವೆ. ಇಂಥ ನಾಟಕ ನೋಡುವುದರಿಂದ ಮನಸ್ಸಿನಲ್ಲಿ ಕಟ್ಟಿಕೊಂಡ ಭಯ, ಮರುಕ ತೊಳೆದು ಹಗುರಾಗುತ್ತದೆ ಎಂಬ ಅರ್ಥದಲ್ಲಿ ಗ್ರೀಕರ ಅರಿಸ್ಟಾಟಲನ ಮಾತನ್ನು ಹಲವರು ವಿವರಿಸುತ್ತಾರೆ. ನಮ್ಮ ಭರತಮುನಿಯ ನಾಟ್ಯಶಾಸ್ತ್ರದ ದಾರಿಯಲ್ಲಿ ನಡೆದವರು, ಮನೆಯಲ್ಲಿ ಶೋಕವಾಗಿದ್ದದ್ದು ರಂಗದ ಮೇಲೆ ಕರುಣರಸವಾಗುತ್ತದೆ, ಅದು ನನ್ನದೂ ಅಲ್ಲ, ಅವನದೂ ಅಲ್ಲ, ಎಲ್ಲರದೂ ಆಗಿಬಿಡುತ್ತದೆ, ಆದ್ದರಿಂದಲೇ ಅದನ್ನು ಸವಿಯಬಹುದು ಎಂದರು. ಸಿನಿಮಾ ಪ್ರಿಯನಾದ ನನಗೆ ಈ ಮಾತು ಬಹಳ ಹಿಡಿಸಿತ್ತು. ಆದರೆ ಒಂದು ಸಂಜೆ ನಡೆದದ್ದು ನನ್ನನ್ನು ಅಗಸ್ಟೀನರ ಕಡೆಗೆ ತಳ್ಳಿತು.

2023ರ ಸೆಪ್ಟೆಂಬರಿನಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಬಂತು. ಹೇಮಂತ್ ಎಂ. ರಾವ್ ನಿರ್ದೇಶನ. ರಕ್ಷಿತ್ ಶೆಟ್ಟಿ ಮಾಡಿದ ಮನು ಒಬ್ಬ ಕಾರ್ ಡ್ರೈವರ್. ಯಜಮಾನನ ಮಗ ಅಪಘಾತ ಮಾಡಿ ಒಂದು ಜೀವ ಹೋಗುತ್ತದೆ. ದುಡ್ಡು ಸಿಗುತ್ತದೆ, ಪ್ರಿಯಾಳ ಜೊತೆ ಬದುಕಲು ಒಂದು ಮನೆಯಾಗುತ್ತದೆ ಎಂಬ ಆಸೆಗೆ ಮನು ಆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಎಂದವರ ಮಾತು ಉಳಿಯುವುದಿಲ್ಲ. ರುಕ್ಮಿಣಿ ವಸಂತ್ ಮಾಡಿದ ಪ್ರಿಯಾ ಜೈಲಿನ ಭೇಟಿಗೆ ಬಂದು ನಿಲ್ಲುವ ದೃಶ್ಯಗಳಿಗೆ ನಾನು ಬಳ್ಳಾರಿಯ ಚಿತ್ರಮಂದಿರದಲ್ಲಿ ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ಸಂಜೆ ಬಸ್ಸಿಳಿದರೆ, ರಾಯದುರ್ಗದ ಕಡೆಯಿಂದ ಬಂದ ಬಸ್ಸಿನಿಂದ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಇಳಿಯುತ್ತಿದ್ದಳು. ಅವಳ ಗಂಡ ಲಾರಿ ಡ್ರೈವರ್. ಲಾರಿಗೆ ಸಿಕ್ಕಿ ಸೈಕಲ್ ಮೇಲಿದ್ದ ಒಬ್ಬ ಹಿರಿಯರು ತೀರಿಕೊಂಡಿದ್ದರು. ಕೇಸು ನಡೆದು, ಒಂದು ವರ್ಷ ಶಿಕ್ಷೆಯಾಗಿ, ಅವನು ಅನಂತಪುರದ ಜೈಲಿನಲ್ಲಿದ್ದ. ಅವಳು ಬೆಳಗ್ಗೆ ಹೋಗಿ ಅವನನ್ನು ನೋಡಿಕೊಂಡು ಬರುತ್ತಿದ್ದಳು. ಕೈಯಲ್ಲಿ ಖಾಲಿ ಬುತ್ತಿ ಚೀಲ.

“ಬಳ್ಳಾರಿಗೆ ಹೋಗಿದ್ರೇನಣ್ಣ?” ಎಂದಳು.

“ಹೌದಮ್ಮ, ಸಿನಿಮಾಕ್ಕೆ ಹೋಗಿದ್ದೆ.”

“ಹೌದಾ, ಏನು ಕಥಿ ಅಣ್ಣ ಅದು?”

ಒಬ್ಬ ಡ್ರೈವರ್ ಜೈಲಿಗೆ ಹೋಗುವ ಕಥೆ ಎಂದು ಹೇಳಲು ಬಾಯಿ ಬರಲಿಲ್ಲ. “ಏನೋ, ಪ್ರೀತಿ ಪ್ರೇಮದ್ದು” ಎಂದು ಸುಳ್ಳಿನಂಥ ನಿಜ ಹೇಳಿ ಮುಂದೆ ನಡೆದೆ. ಅವಳ ಗಂಡ ಜೈಲಿಗೆ ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು. ನಾಲ್ಕು ಮನೆ ಆಚೆ ಇರುವ ನಾನು ಒಂದು ದಿನವೂ ಅವಳ ಬಾಗಿಲಿಗೆ ಹೋಗಿ ಹೇಗಿದ್ದೀ ಎಂದು ಕೇಳಿರಲಿಲ್ಲ. ಪ್ರಿಯಾಳಿಗಾಗಿ ಮಾತ್ರ ಟವೆಲ್ ಒದ್ದೆಯಾಗಿತ್ತು.

ಅಂದಮೇಲೆ ಸಿನಿಮಾದ ಕಣ್ಣೀರೆಲ್ಲ ಸುಳ್ಳೇ? ಹಾಗೆಂದು ತೀರ್ಮಾನಿಸುವ ಮುಂಚೆ ಇನ್ನೊಂದು ಸಿನಿಮಾ ಅಡ್ಡ ಬರುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ ಬಂದ ತೆಲುಗಿನ ‘ಬಲಗಂ’. ವೇಣು ಯೆಲ್ದಂಡಿ ನಿರ್ದೇಶನ, ತೆಲಂಗಾಣದ ಒಂದು ಹಳ್ಳಿಯ ಕಥೆ. ಮನೆಯ ಹಿರಿಯ ಕೊಮುರಯ್ಯ ತೀರಿಕೊಳ್ಳುತ್ತಾನೆ. ಇಟ್ಟ ಎಡೆಯನ್ನು ಕಾಗೆ ಮುಟ್ಟುವುದಿಲ್ಲ. ಯಾಕೆಂದರೆ ಮಕ್ಕಳು ಒಂದಾಗಿಲ್ಲ. ಎಷ್ಟೋ ವರ್ಷದ ಹಿಂದೆ ಊಟದ ಪಂಕ್ತಿಯಲ್ಲಿ ಅಳಿಯನಿಗೆ ನಲ್ಲಿ ಮೂಳೆ ಬಡಿಸಲಿಲ್ಲವೆಂದು ಆದ ಜಗಳ ಅಣ್ಣತಂಗಿಯರನ್ನೇ ದೂರ ಮಾಡಿದೆ. ಒಂದು ಮೂಳೆಗೆ ಇಷ್ಟು ದ್ವೇಷವೇ ಎಂದು ನಗು ಬರುತ್ತದೆ. ಆಮೇಲೆ ನಮ್ಮ ನಮ್ಮ ಮನೆಯ ಮೂಳೆ ನೆನಪಾಗಿ ನಗು ನಿಲ್ಲುತ್ತದೆ. ಈ ಸಿನಿಮಾವನ್ನು ತೆಲಂಗಾಣದ ಹಳ್ಳಿಗಳಲ್ಲಿ ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ನೋಡಿ ಹೋದ ಮೇಲೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಒಡಹುಟ್ಟಿದವರು ರಾಜಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಇವರೂ ಅತ್ತರು, ನಾನೂ ಅತ್ತೆ. ವ್ಯತ್ಯಾಸ ಎಲ್ಲಿ? ಅವರ ಕಣ್ಣೀರು ನನ್ನದಕ್ಕಿಂತ ಹೆಚ್ಚು ನಿಜವಾಗಿತ್ತು ಎಂದು ನಾನು ಹೇಳಲಾರೆ. ಅವರು ಅಳುವಾಗ ಪಕ್ಕದಲ್ಲೇ ಊರಿನವರಿದ್ದರು. ಕಥೆಯ ಅಣ್ಣ ತಂಗಿಯನ್ನು ನೋಡಿ ತಮ್ಮ ಅಣ್ಣನನ್ನು, ತಮ್ಮ ತಂಗಿಯನ್ನು ನೆನೆದರು. ನಾನು ಕಥೆಯ ಡ್ರೈವರನ್ನು ನೋಡಿ ಕಥೆಯ ಡ್ರೈವರನ್ನೇ ನೆನೆದೆ. ಅಲ್ಲಿಗೆ ನನ್ನ ಅಳು ಮುಗಿಯಿತು.

ಇನ್ನೂ ಒಂದು ಮಾತು ತಡವಾಗಿ ಹೊಳೆಯಿತು. ಸಿನಿಮಾದಲ್ಲಿ ಯಾರಿಗಾಗಿ ಅಳಬೇಕು ಎಂಬುದನ್ನು ನಾವು ಆರಿಸುವುದಿಲ್ಲ, ಕ್ಯಾಮೆರಾ ಆರಿಸುತ್ತದೆ. ಯಾರ ಮುಖವನ್ನು ಹತ್ತಿರದಿಂದ ತೋರಿಸುತ್ತದೋ ಅವರು ನಮ್ಮವರು. ಉಳಿದವರು ಲೆಕ್ಕಕ್ಕಿಲ್ಲ. ನಮ್ಮ ರಾಯಲಸೀಮೆಯ ಹೆಸರಿನಲ್ಲಿ ‘ಸಮರಸಿಂಹಾ ರೆಡ್ಡಿ’, ‘ನರಸಿಂಹ ನಾಯ್ಡು’ ಕಾಲದಿಂದ ಎಷ್ಟು ಫ್ಯಾಕ್ಷನ್ ಸಿನಿಮಾ ಬಂದವು! ಸುಮೋಗಳು ಗಾಳಿಯಲ್ಲಿ ಹಾರಿ, ಮಚ್ಚಿಗೆ ಹತ್ತಾರು ಜನ ಬೀಳುವಾಗ ನಾವೇ ಶಿಳ್ಳೆ ಹೊಡೆದೆವು. ಬಿದ್ದವರಿಗೂ ಹೆಂಡತಿ ಮಕ್ಕಳು ಇರುತ್ತಾರೆ ಎಂದು ಫ್ಯಾಕ್ಷನ್‌ನಿಂದ ಮನೆಗಳು ಹಾಳಾದದ್ದನ್ನು ಕಂಡ ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಕೆಜಿಎಫ್’ ನೋಡುವಾಗಲೂ ಹಾಗೇ ಆಯಿತು. ಗಣಿಯ ಧೂಳಿನಲ್ಲಿ ಸಾಯುವ ಕೂಲಿಗಳು ಎಷ್ಟೋ ಜನ, ನೆನಪಿನಲ್ಲಿ ಉಳಿದದ್ದು ರಾಕಿಯ ನಡಿಗೆ. ಓಬುಳಾಪುರಂ ನಮ್ಮ ಮಂಡಲದ್ದೇ ಊರು. ಅದಿರಿನ ಲಾರಿಗಳು ಓಡಾಡಿದ ವರ್ಷಗಳಲ್ಲಿ ಅಂಗಳದಲ್ಲಿ ಒಣಹಾಕಿದ ಬಟ್ಟೆ ಕೆಂಪಾಗುತ್ತಿದ್ದದ್ದನ್ನು ಕಂಡ ನಾನೂ ಆ ಕೂಲಿಗಳನ್ನು ನೋಡಲಿಲ್ಲ, ರಾಕಿಯನ್ನೇ ನೋಡಿದೆ.

‘ಸಪ್ತ ಸಾಗರದಾಚೆ ಎಲ್ಲೋ’ ವಿಷಯದಲ್ಲೂ ಅಷ್ಟೇ. ಮನುವಿಗಾಗಿ ಅತ್ತೆ, ಪ್ರಿಯಾಳಿಗಾಗಿ ಅತ್ತೆ. ಕಾರಿಗೆ ಸಿಕ್ಕಿ ಸತ್ತ ಜೀವಕ್ಕಾಗಿ ಒಂದು ಹನಿಯೂ ಬರಲಿಲ್ಲ. ಇದಕ್ಕೆ ಸಿನಿಮಾದವರನ್ನು ದೂರುವುದಿಲ್ಲ. ಒಂದು ಕಥೆ ಎಲ್ಲರ ಮುಖವನ್ನೂ ತೋರಿಸಲಾರದು. ಆದರೆ ಕಥೆ ಬಿಟ್ಟದ್ದನ್ನು ನೋಡುಗನೂ ಬಿಡಬೇಕೆಂದೇನೂ ಇಲ್ಲವಲ್ಲ.

ಇಲ್ಲಿ ನನಗೆ ನನ್ನ ಮೊದಲ ಸಿನಿಮಾ ನೆನಪಾಗುತ್ತದೆ. ಆಂಧ್ರದ ಕ್ರೈಸ್ತರ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ: 1978ರ ‘ಕರುಣಾಮಯುಡು’. ವಿಜಯಚಂದರ್ ಯೇಸುವಿನ ಪಾತ್ರ ಮಾಡಿದ್ದರು. ಬಿಳಿ ಬಟ್ಟೆ ಕಟ್ಟಿ, ಜನರೇಟರ್ ಹಚ್ಚಿ ತೋರಿಸಿದಾಗ ಊರಿಗೆ ಊರೇ ಬಂದಿತ್ತು. ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಒಂದೇ ನೆಲದ ಮೇಲೆ ಕೂತು ಅತ್ತರು. ತೆಲುಗು ಸರಿಯಾಗಿ ಬಾರದ ನನ್ನ ಅಜ್ಜಿಯೂ ಅತ್ತಳು. ಮನೆಗೆ ಬರುವಾಗ ಅವಳು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: “ಅಷ್ಟು ಮಂದಿ ಅಳಾಕತ್ತಿದ್ರಲ್ಲ, ಆ ಶಿಲುಬಿಗೆ ಕೈ ಹಚ್ಚಿದಾತ ಒಬ್ಬನೇ ನೋಡು.”

ಪ್ರತಿ ಶುಕ್ರವಾರ ನಾವು ಶಿಲುಬೆಯ ಹಾದಿ ಮಾಡುತ್ತೇವೆ. ಹದಿನಾಲ್ಕು ಸ್ಥಳಗಳಲ್ಲಿ ಐದನೆಯದರಲ್ಲಿ ಸಿರೇನಿನ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ಅವನು ತಾನಾಗಿ ಬಂದವನಲ್ಲ, ಹಿಡಿದು ತಂದರು. ಆರನೆಯದರಲ್ಲಿ ವೆರೋನಿಕ ಬಂದು ಮುಖ ಒರೆಸುತ್ತಾಳೆ. ಎಂಟನೆಯದರಲ್ಲಿ ಜೆರುಸಲೇಮಿನ ಹೆಂಗಸರು ಅಳುತ್ತಾ ನಿಂತಿರುತ್ತಾರೆ. ಯೇಸು ಅವರಿಗೆ ಹೇಳಿದ್ದನ್ನು ಲೂಕನು ಬರೆದಿದ್ದಾನೆ. ಅಳಬೇಡಿ ಎಂದಷ್ಟೇ ಹೇಳಿ ಅವರು ಮುಂದೆ ಹೋಗುವುದಿಲ್ಲ. ಆ ಅಳುವನ್ನು ತಮ್ಮ ಕಡೆಯಿಂದ ಆ ಹೆಂಗಸರ ಕಡೆಗೂ ಅವರ ಮಕ್ಕಳ ಕಡೆಗೂ ತಿರುಗಿಸುತ್ತಾರೆ. ಕಣ್ಣೀರನ್ನು ತಳ್ಳಿಹಾಕುವುದಿಲ್ಲ, ಅದಕ್ಕೆ ಹೋಗಬೇಕಾದ ದಾರಿ ತೋರಿಸುತ್ತಾರೆ.

ನನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ. ಸಿನಿಮಾದ ಕಣ್ಣೀರು ಸುಳ್ಳಲ್ಲ, ಪಾಪವೂ ಅಲ್ಲ. ಆದರೆ ಅದು ಕೆಲಸದ ಕೊನೆಯಲ್ಲ, ಆರಂಭ. ಬಾವಿಗೆ ಕೊಡ ಇಳಿಸಿ ನೀರು ತುಂಬಿದ ಮೇಲೆ ಮೇಲಕ್ಕೆಳೆದು ಯಾರ ಬಾಯಿಗೂ ಕೊಡದೆ ಅಲ್ಲೇ ಬಿಟ್ಟು ಬಂದರೆ, ನೀರಿನಲ್ಲಿ ದೋಷವಿಲ್ಲ, ಸೇದುವವನಲ್ಲಿ ದೋಷ. ಅಗಸ್ಟೀನರು ಹೆದರಿದ್ದು ಇದಕ್ಕೇ ಎಂದು ನನಗೆ ಈಗ ಅನ್ನಿಸುತ್ತದೆ. ಅತ್ತಾಯಿತು ಎಂಬ ತೃಪ್ತಿಯೇ ಮಾಡಬೇಕಾದದ್ದನ್ನು ಮರೆಸಿಬಿಡುತ್ತದೆ. ನಾನು ಒಳ್ಳೆಯವನು ಎಂದು ನನಗೆ ನಾನೇ ಚೀಟಿ ಬರೆದುಕೊಟ್ಟಂತೆ.

ಬಸ್ ನಿಲ್ದಾಣದ ಆ ಸಂಜೆಯಾದ ಎರಡನೆಯ ಭಾನುವಾರ ಬಲಿಪೂಜೆ ಮುಗಿಸಿ ಬಂದು, ಹೆಂಡತಿಯನ್ನು ಕರೆದುಕೊಂಡು ಆ ಮನೆಗೆ ಹೋದೆ. ಏನು ಮಾತಾಡಬೇಕೋ ತಿಳಿಯಲಿಲ್ಲ. ಅವಳೇ ಒಂದು ಚೀಲ ತಂದು ಮುಂದಿಟ್ಟಳು. ಕೋರ್ಟಿನ ಕಾಗದಗಳು, ಒಂದಿಷ್ಟು ತೆಲುಗಿನಲ್ಲಿ, ಒಂದಿಷ್ಟು ಇಂಗ್ಲಿಷಿನಲ್ಲಿ. ಅವಳು ಓದಿದ್ದು ಇದೇ ಊರಿನ ಕನ್ನಡ ಶಾಲೆಯಲ್ಲಿ. ಗಂಡನ ಶಿಕ್ಷೆಯ ಕಾಗದದಲ್ಲಿ ಏನಿದೆ ಎಂದು ಅವಳಿಗೆ ಅಷ್ಟು ದಿನವೂ ಪೂರ್ತಿ ಗೊತ್ತಿರಲಿಲ್ಲ. ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಎರಡು ಗಂಟೆ ಹಿಡಿಯಿತು. ನನಗೆ ಗೊತ್ತಿದ್ದ ಎರಡು ಭಾಷೆ ಸಿನಿಮಾ ನೋಡುವುದಕ್ಕಲ್ಲದೆ ಬೇರೆ ಕೆಲಸಕ್ಕೂ ಬಂತು. ಆ ಎರಡು ಗಂಟೆಯಲ್ಲಿ ನನಗೆ ಅಳು ಬರಲಿಲ್ಲ. ಅಳುವುದಕ್ಕೆ ಬಿಡುವೇ ಇರಲಿಲ್ಲ.

ಆ ಕಾಗದದಲ್ಲೇ ತೀರಿಕೊಂಡ ಹಿರಿಯರ ಹೆಸರು, ಊರು ಓದಿದೆ. ನಮ್ಮಿಂದ ದೂರವೇನಲ್ಲ, ಸೈಕಲ್ ತುಳಿದು ಹೋಗಿ ಬರಬಹುದಾದ ಊರು. ಅವರ ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ, ನನಗೆ ಗೊತ್ತಿಲ್ಲ. ಡ್ರೈವರನ ಮನೆಗೆ ಹೋದವನು ಅಲ್ಲಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಅಳುಕು ಇದೆ. ಹೋದರೆ ಬೈದಾರು ಎಂಬ ಭಯವೂ ಇದೆ. ಇಷ್ಟೆಲ್ಲ ಬರೆದ ನಾನು ಆ ಮನೆಗೆ ಇನ್ನೂ ಹೋಗಿಲ್ಲ.

ಮಗಳಿಗೆ ಹೇಳಿದ್ದೇನೆ: ಈ ತಪಸ್ಸುಕಾಲದಲ್ಲಿ ಸಿನಿಮಾ ಬಿಡುವುದಿಲ್ಲ. ಅದರ ಬದಲು ಶುಭ ಶುಕ್ರವಾರದೊಳಗೆ ಆ ಊರಿಗೆ ಹೋಗಿ ಬರುತ್ತೇನೆ. ಅವಳು, “ಒಬ್ಬನೇ ಹೋಗಬೇಡ ಅಪ್ಪಾ, ನಾನೂ ಬರ್ತೀನಿ” ಎಂದಿದ್ದಾಳೆ.

ಓದುಗರೇ, ನೀವೂ ಇತ್ತೀಚೆಗೆ ಯಾವುದೋ ಸಿನಿಮಾ, ಯಾವುದೋ ಧಾರಾವಾಹಿ ನೋಡಿ ಕಣ್ಣೊರೆಸಿಕೊಂಡಿರುತ್ತೀರಿ. ಅದು ಯಾರ ಕಥೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇದ್ದಾರೆಯೇ, ನೋಡಿ.