ಎದ್ದು ಹೋದವರ ಎಲೆ

ನಾಲ್ಕು ವರ್ಷದ ಹಿಂದೆ ಒಂದು ರಿಲೀಸ್ ನೋಟಿನಲ್ಲಿ ನಾನೊಂದು ಸಾಲು ಬರೆದೆ. ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತಂದರೆ ಹೀಗಾಗುತ್ತೆ: 'ಕೆಲವು ವಿರಳ ಸಂದರ್ಭಗಳಲ್ಲಿ ವರ್ಚುವಲ್ ಮೆಷೀನ್‌ಗಳ ಸ್ಥಿರತೆಯನ್ನು ಉತ್ತಮಪಡಿಸಲಾಗಿದೆ.' ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ಆ ಸಾಲು ನನ್ನನ್ನ ಬಿಟ್ಟಿಲ್ಲ. ಯಾಕೆ ಅಂತ ಹೇಳೋಕೆ ಮೊದಲು ರಿಜಿಸ್ಟರ್ ಅಂದ್ರೇನು ಅಂತ ಹೇಳಬೇಕು. ಈ ಲೋಕದವರಲ್ಲದವರು ದಯವಿಟ್ಟು ಎರಡು ಪ್ಯಾರಾ ಸಹಿಸ್ಕೊಳ್ಳಿ.

ಪ್ರೊಸೆಸರ್ ಲೆಕ್ಕ ಮಾಡೋದು ಮೆಮೊರಿಯಲ್ಲಲ್ಲ, ತನ್ನೊಳಗಿನ ರಿಜಿಸ್ಟರ್‌ಗಳಲ್ಲಿ. ನಿಮ್ಮ ಲ್ಯಾಪ್‌ಟಾಪಿನಲ್ಲಿರೋ ಥರದ 64 ಬಿಟ್ ಇಂಟೆಲ್ ಅಥವಾ ಎಎಂಡಿ ಚಿಪ್ಪಿನ ಒಂದು ಕೋರ್‌ನಲ್ಲಿ ಪ್ರೋಗ್ರಾಮಿನ ಕೈಗೆ ಸಿಗುವ ಸಾಮಾನ್ಯ ರಿಜಿಸ್ಟರ್‌ಗಳು 16. ಒಂದೊಂದಕ್ಕೆ 8 ಬೈಟ್, ಒಟ್ಟು 128 ಬೈಟ್. ಈ ಪ್ಯಾರಾ ಹಿಡಿಸುವಷ್ಟೂ ಜಾಗವಿಲ್ಲ ಅಲ್ಲಿ. ಅವುಗಳ ಜೊತೆಗೆ ದಶಮಾಂಶದ ಲೆಕ್ಕಕ್ಕೆ, ವಿಡಿಯೊಗೆ, ಗೂಢಲಿಪಿಗೆ ಬಳಸೋ ವೆಕ್ಟರ್ ರಿಜಿಸ್ಟರ್‌ಗಳಿವೆ, ಅವು ದೊಡ್ಡವು. ಕ್ಲೌಡ್‌ನಲ್ಲಿ ಒಂದೇ ಕೋರ್ ಅನ್ನು ಹಲವು ವರ್ಚುವಲ್ ಮೆಷೀನ್‌ಗಳು ಸರದಿಯ ಮೇಲೆ ಬಳಸ್ತವೆ. ಒಂದರ ಸರದಿ ಮುಗಿದಾಗ ಅದರ ಕೈಯಲ್ಲಿದ್ದ ಎಲ್ಲವನ್ನೂ ಮೆಮೊರಿಯಲ್ಲಿ ಬರೆದಿಟ್ಟು, ಮುಂದಿನದರದ್ದನ್ನ ತಂದು ತುಂಬಬೇಕು. ಈ ಕೆಲಸ ಮಾಡೋ ತಂತ್ರಾಂಶ ಹೈಪರ್‌ವೈಸರ್. ಯಂತ್ರಕ್ಕೆ ಹೋಸ್ಟ್, ವಿಎಂಗೆ ಗೆಸ್ಟ್ ಅಂತೀವಿ. ಅತಿಥಿ.

ಈ ಅತಿಥಿಗೆ ತನ್ನನ್ನ ನಿಲ್ಲಿಸಿದ್ದು ಗೊತ್ತಾಗಲ್ಲ. ಒಂದು ಗುಣಾಕಾರ ಮುಗಿದು ಕೂಡೋದು ಶುರುವಾಗೋ ಮಧ್ಯೆ ನಿಂತಿರಬಹುದು. ಮತ್ತೆ ಸರದಿ ಬಂದಾಗ ಗುಣಲಬ್ಧ ಇದ್ದಲ್ಲೇ ಇರುತ್ತೆ, ಲೆಕ್ಕ ಮುಂದುವರಿಯುತ್ತೆ. 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಇಬ್ಬರೂ ವರ್ಚುವಲ್ ಮೆಷೀನ್ ಅಂದ್ರೆ ಏನು ಅಂತ ನಿಯಮ ಕಟ್ಟಿದಾಗ ಹಾಕಿದ ಷರತ್ತುಗಳಲ್ಲಿ ಒಂದು ಇದೇ: ಒಳಗೆ ಓಡೋ ಪ್ರೋಗ್ರಾಮು ನಿಜವಾದ ಯಂತ್ರದ ಮೇಲೆ ಹೇಗೆ ನಡ್ಕೊಳ್ಳುತ್ತೋ ಹಾಗೇ ನಡ್ಕೋಬೇಕು. ಸಮಯದ ವ್ಯತ್ಯಾಸ ಕ್ಷಮ್ಯ.

ಆ ಸಮಯದ ವಿಷಯದಲ್ಲಿ ನಮ್ಮ ಕ್ಷೇತ್ರ ಎಷ್ಟು ಪ್ರಾಮಾಣಿಕ ನೋಡಿ. ಲಿನಕ್ಸ್ ವಿಎಂ ಒಳಗೆ ಟಾಪ್ ಕಮಾಂಡ್ ಹೊಡೆದರೆ ಮೇಲ್ಗಡೆ ಸಿಪಿಯು ಸಾಲಿನ ಕೊನೆಯಲ್ಲಿ 'ಎಸ್‌ಟಿ' ಅಂತ ಒಂದು ಸಂಖ್ಯೆ ಇರುತ್ತೆ. ಸ್ಟೀಲ್, ಅಂದ್ರೆ ಕದ್ದದ್ದು. ನೀನು ಓಡೋಕೆ ತಯಾರಿದ್ದಾಗ ನಿನ್ನ ಕೋರ್ ಅನ್ನು ಇನ್ನೊಬ್ಬರಿಗೆ ಕೊಟ್ಟಿದ್ದೆ, ಇಷ್ಟು ಹೊತ್ತು, ಅಂತ ಹೈಪರ್‌ವೈಸರ್ ತಾನಾಗೇ ಒಪ್ಪಿಕೊಳ್ಳೋ ವ್ಯವಸ್ಥೆ ಅದು. ಕಳ್ಳತನ ಅನ್ನೋ ಹೆಸರನ್ನೇ ಇಟ್ಟಿದಾರೆ, ಮುಚ್ಚುಮರೆ ಇಲ್ಲ.

ಇನ್ನು ಸೋಮಾರಿತನದ ವಿಷಯ. ಇಂಟೆಲ್ 2005ರಲ್ಲಿ ವರ್ಚುವಲೈಸೇಶನ್ನಿಗೆ ಹಾರ್ಡ್‌ವೇರ್ ನೆರವು ತಂದಾಗ ಕೆಲವು ರಿಜಿಸ್ಟರ್‌ಗಳನ್ನ ಚಿಪ್ಪೇ ಕಾಪಾಡುತ್ತೆ ಅಂತ ಮಾಡ್ತು. ಯಾವ ಆದೇಶದ ಮೇಲೆ ನಿಂತಿದ್ದೆ, ಸ್ಟ್ಯಾಕ್ ಎಲ್ಲಿದೆ, ಕಂಟ್ರೋಲ್ ರಿಜಿಸ್ಟರ್‌ಗಳಲ್ಲೇನಿದೆ, ಇಂಥವು. ಉಳಿದ ಸಾಮಾನ್ಯ ರಿಜಿಸ್ಟರ್‌ಗಳನ್ನ, ವೆಕ್ಟರ್ ರಿಜಿಸ್ಟರ್‌ಗಳನ್ನ ಹೈಪರ್‌ವೈಸರ್ ಬರೆಯೋರ ಜವಾಬ್ದಾರಿಗೆ ಬಿಡ್ತು. ಆ ಜವಾಬ್ದಾರಿ ಭಾರವಾಗ್ತಾನೇ ಬಂದಿದೆ. ವೆಕ್ಟರ್ ರಿಜಿಸ್ಟರ್‌ಗಳ ಹಳೇ ಮಾದರಿಯ ಚಿತ್ರ 512 ಬೈಟ್ ಇತ್ತು, ಎವಿಎಕ್ಸ್-512 ಬಂದ ಮೇಲೆ 2,500 ದಾಟಿತು. ಪ್ರತಿ ಸಲ ಇಷ್ಟನ್ನ ಇಳಿಸಿ ಏರಿಸೋದು ದುಬಾರಿ ಅನ್ನಿಸೋದು ಸಹಜ. ಹಳಬರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮೊದಲನೆಯವನ ದಶಮಾಂಶದ ರಿಜಿಸ್ಟರ್‌ಗಳನ್ನ ಇದ್ದ ಹಾಗೇ ಬಿಡು, 'ಮುಟ್ಟಬೇಡ' ಅಂತ ಒಂದು ಗುರುತು ಹಾಕು. ಎರಡನೆಯವನು ಮುಟ್ಟಲು ಹೋದರೆ ಚಿಪ್ಪು ತಡೆದು ಕೂಗುತ್ತೆ, ಆಗ ಬದಲಾಯಿಸಿದ್ರಾಯ್ತು. ಮುಟ್ಟದೇ ಇದ್ದರೆ ಕೆಲಸ ಉಳೀತು.

ನಮ್ಮ ಕಡೆ ಮದುವೆ ಊಟ ನೋಡಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಮೊದಲ ಪಂಕ್ತಿ ಎದ್ದ ಮೇಲೆ ಎಲೆ ತೆಗೆದು, ಟೇಬಲ್ ಒರೆಸಿ, ಹೊಸ ಎಲೆ ಹಾಕಿ ಎರಡನೇ ಪಂಕ್ತಿ ಕೂರಿಸಬೇಕು. ಸೋಮಾರಿ ಉಪಾಯ ಅಂದ್ರೆ, ಎದ್ದು ಹೋದವರ ಎಲೆ ಅಲ್ಲೇ ಬಿಟ್ಟು, 'ಯಾರಾದ್ರೂ ಬಂದು ಕೂತ್ರೆ ಆಗ ತೆಗೀರೋ' ಅನ್ನೋದು. ನಮ್ಮ ಸೋದರಮಾವ ಬಡಿಸೋರ ಉಸ್ತುವಾರಿ ಹೊತ್ತಾಗ ಇದನ್ನ ಯಾರಾದ್ರೂ ಹೇಳಿದ್ದರೆ ಸೌಟಿನಲ್ಲೇ ಬಾರಿಸ್ತಿದ್ರು.

ಹಾಗಂತ ಆ ಉಪಾಯ ಮಾಡಿದವರನ್ನ ನಾನು ಬೈಯಲ್ಲ. ಅವರ ಕಾಲದಲ್ಲಿ ಹೆಚ್ಚಿನ ಪ್ರೋಗ್ರಾಮುಗಳು ದಶಮಾಂಶದ ಗೊಡವೆಗೇ ಹೋಗ್ತಿರಲಿಲ್ಲ. ಆ 'ಮುಟ್ಟಬೇಡ' ಗುರುತನ್ನ ಚಿಪ್ಪು ಮಾಡಿದವರೇ 80ರ ದಶಕದಲ್ಲಿ ಇದಕ್ಕಂತಲೇ ಕೊಟ್ಟಿದ್ದರು. ಆಮೇಲೆ ಕಾಲ ಬದಲಾಯ್ತು. ಅಕ್ಷರ ನಕಲು ಮಾಡೋಕೂ ವೆಕ್ಟರ್ ರಿಜಿಸ್ಟರ್ ಬಳಸೋ ಕಾಲ ಬಂತು, ಎಲ್ಲರೂ ಮುಟ್ಟೋರೇ ಆದರು. ಲಿನಕ್ಸಿನವರು 2016ರಲ್ಲಿ ಈ ಪದ್ಧತಿಯನ್ನ ತೆಗೆದೇ ಹಾಕಿದರು. ಮುಖ್ಯವಾಗಿ ಇದರಿಂದ ಉಳಿತಾಯ ಏನೂ ಇಲ್ಲ, ಕೋಡು ಮಾತ್ರ ಗೋಜಲು ಅಂತ. ಬೇರೆ ಕೆಲವು ಕಡೆ ಉಳೀತು. ಕಾರಣ ಸತ್ತು ಹೋಗಿತ್ತು, ಅಭ್ಯಾಸ ಬದುಕಿತ್ತು.

2018ರ ಜೂನ್‌ನಲ್ಲಿ ಸುದ್ದಿ ಬಂತು. ಇಂಟೆಲ್ ಕೋರ್ ಚಿಪ್ಪುಗಳು ಆ ಗುರುತು ನೋಡಿ ತಡೆಯೋ ಮೊದಲೇ, ಮುಂದಾಲೋಚನೆಯಿಂದ, ಹಳೇ ಬೆಲೆಗಳನ್ನ ಎತ್ತಿಕೊಂಡು ಒಂದೆರಡು ಹೆಜ್ಜೆ ಓಡಿಬಿಡ್ತವೆ. ಆಮೇಲೆ ತಡೆದು ಎಲ್ಲವನ್ನೂ ರದ್ದು ಮಾಡಿದರೂ ಕ್ಯಾಷ್‌ನಲ್ಲಿ ಹೆಜ್ಜೆ ಗುರುತು ಉಳಿಯುತ್ತೆ. ಅದನ್ನ ಅಳೆದು ಎದ್ದು ಹೋದವನ ಎಲೆಯಲ್ಲಿ ಏನಿತ್ತು ಅಂತ ಹೇಳಬಹುದು. ಎಇಎಸ್ ಗೂಢಲಿಪಿಯ 128 ಬಿಟ್ ಕೀಲಿ ಸರಿಯಾಗಿ ಒಂದು ಎಕ್ಸ್‌ಎಂಎಂ ರಿಜಿಸ್ಟರ್‌ನಷ್ಟಿರುತ್ತೆ ಅನ್ನೋದು ನೆನಪಿರಲಿ. ನೋಡಲು ಅನುಮತಿ ಇಲ್ಲದಿರೋದು ಬೇರೆ, ನೋಡಲು ಅಲ್ಲಿ ಏನೂ ಇಲ್ಲದಿರೋದು ಬೇರೆ ಅಂತ ಆವತ್ತು ನಮ್ಮಲ್ಲಿ ಬಹಳ ಜನಕ್ಕೆ ಹೊಳೀತು. ಕ್ಸೆನ್ ಹೈಪರ್‌ವೈಸರ್‌ನವರೂ ಎಚ್ಚರಿಕೆ ಪ್ರಕಟಿಸಿ ಸರಿಪಡಿಸಿದರು. ನನಗೆ ಈಗ ಮುಖ್ಯ ಅನ್ನಿಸೋದು ಆ ಎಚ್ಚರಿಕೆಯೇ. ಯಾವ ಗ್ರಾಹಕರೂ ಬಂದು ದೂರು ಕೊಟ್ಟಿದ್ದಕ್ಕಲ್ಲ, ಸಂಶೋಧಕರು ಹುಡುಕಿದ್ದಕ್ಕೆ ಅದು ಊರಿಗೆಲ್ಲ ಗೊತ್ತಾಯ್ತು.

ನಮ್ಮ ಕಥೆಗೆ ಬರ್ತೀನಿ. ಯಾವ ಕಂಪನಿ ಅನ್ನೋದು ಬೇಡ. ಗೆಸ್ಟ್‌ನಿಂದ ಹೊರಬಂದು, ಸಣ್ಣ ಕೆಲಸ ಮುಗಿಸಿ, ಅದೇ ಗೆಸ್ಟ್‌ಗೆ ವಾಪಸ್ ಹೋಗೋ ಒಂದು ಶಾರ್ಟ್‌ಕಟ್ ದಾರಿ ನಮ್ಮ ಕೋಡಿನಲ್ಲಿತ್ತು. ಆ ದಾರಿಯಲ್ಲಿ ವೆಕ್ಟರ್ ರಿಜಿಸ್ಟರ್‌ಗಳನ್ನ ಉಳಿಸ್ತಿರಲಿಲ್ಲ, ಯಾಕೆಂದ್ರೆ ನಮ್ಮ ಕೋಡು ಅವನ್ನ ಮುಟ್ಟಲ್ಲ. ಬರೆದಾಗ ಅದು ನಿಜವಾಗಿತ್ತು. ಮುಟ್ಟಬೇಡ ಅಂತ ಕಂಪೈಲರಿಗೆ ಹೇಳೋ ಒಂದು ಆಯ್ಕೆ ಇದೆ, ಹಾಕಿದ್ದೆವು. ಎಷ್ಟೋ ದಿನದ ಮೇಲೆ ಯಾರೋ, ಯಾರೋ ಅಂದ್ರೆ ನಾನೇ, ಹೊಸ ಫೈಲ್ ಸೇರಿಸಿದೆ. ಆ ಫೈಲಿಗೆ ಆಯ್ಕೆ ಹಾಕೋದು ತಪ್ಪಿಹೋಯ್ತು. ಅದರೊಳಗೆ ಚಿಕ್ಕದೊಂದು ಸ್ಟ್ರಕ್ಚರ್ ನಕಲು ಮಾಡೋ ಸಾಲಿತ್ತು. ಕಂಪೈಲರ್ ಜಾಣ, ಅದನ್ನ ಒಂದು ಎಕ್ಸ್‌ಎಂಎಂ ರಿಜಿಸ್ಟರ್ ಮೂಲಕ ಮಾಡಿಸಿತು. ಗೆಸ್ಟ್ ವಾಪಸ್ ಬಂದಾಗ ತನ್ನ ಸಂಖ್ಯೆ ಇದ್ದ ಜಾಗದಲ್ಲಿ ನಮ್ಮ ಸ್ಟ್ರಕ್ಚರಿನ 16 ಬೈಟ್. ವಿಎಂ ಅನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸೋ ಹೊತ್ತಿನಲ್ಲಿ ಮಾತ್ರ ಆಗ್ತಿದ್ದದ್ದು, ಆಗಲೂ ಅಪರೂಪ. ಕ್ರ್ಯಾಷ್ ಇಲ್ಲ, ಲಾಗ್ ಇಲ್ಲ. ಎಲ್ಲೋ ಒಂದು ಲೆಕ್ಕದಲ್ಲಿ ಒಂದು ಸಂಖ್ಯೆ ತಪ್ಪು, ಅಷ್ಟೇ.

ಸಿಕ್ಕಿದ್ದು ನಮ್ಮದೇ ಒಂದು ಟೆಸ್ಟ್‌ನಿಂದ. ಅದು ಗೆಸ್ಟ್ ಒಳಗೆ ಕೂತು ಎಲ್ಲ ರಿಜಿಸ್ಟರ್‌ಗಳಿಗೂ ಗೊತ್ತಿರೋ ಸಂಖ್ಯೆ ತುಂಬುತ್ತೆ, ಕಾಯುತ್ತೆ, ಹಾಗೇ ಇದೆಯಾ ಅಂತ ನೋಡುತ್ತೆ. ರಾತ್ರಿಯಿಡೀ ಓಡಿ ಒಂದೇ ಒಂದು ಸಲ ಫೇಲ್ ಆಗಿತ್ತು. ಮೂರು ದಿನ ತಲೆ ಕೆರ್ಕೊಂಡು ಹುಡುಕಿದೆ. ಸರಿಪಡಿಸಿದ್ದು ಒಂದೇ ಸಾಲು. ಅಷ್ಟರಲ್ಲಿ ಆ ಫೈಲ್ ಗ್ರಾಹಕರ ಯಂತ್ರಗಳಲ್ಲಿ ಏಳು ವಾರ ಓಡಿತ್ತು.

ಮೀಟಿಂಗಿನಲ್ಲಿ ಮ್ಯಾನೇಜರ್ ಹೇಳಿದ್ದು ದಡ್ಡ ಮಾತಲ್ಲ. "ಏನಂತ ಬರೀತೀರಿ? ಈ ಏಳು ವಾರದಲ್ಲಿ ನಿಮ್ಮ ಯಾವುದೋ ಒಂದು ಲೆಕ್ಕ ತಪ್ಪಾಗಿರಬಹುದು, ಯಾವುದು ಅಂತ ಗೊತ್ತಿಲ್ಲ, ಆಗಿದೆಯಾ ಅಂತಲೂ ಗೊತ್ತಿಲ್ಲ, ಅಂತಲಾ? ಅವರು ಆ ಮೇಲ್ ಇಟ್ಕೊಂಡು ಏನು ಮಾಡ್ಬೇಕು?" ಪಕ್ಕದಲ್ಲಿದ್ದ ಗೆಳೆಯ ಕಾಫಿ ತರೋಕೆ ಎದ್ದಾಗ ಕಿವಿಯಲ್ಲಿ ಅಂದ, "ಯಾರಿಗೆ ಗೊತ್ತಾಗುತ್ತೆ ಬಿಡು ಗುರೂ." ನಾನೂ ಹೂಂ ಅಂದೆ. ಯಾರೂ ನನ್ನ ಕತ್ತು ಹಿಡಿದು ಬರೆಸಲಿಲ್ಲ. ಆ ಸಾಲು ನನ್ನದೇ, ಪದ ಹೊಂದಿಸಿದ್ದೂ ನಾನೇ.

ಮ್ಯಾನೇಜರ್ ಪ್ರಶ್ನೆಗೆ ಉತ್ತರ ನಿಧಾನವಾಗಿ ಹೊಳೀತು, ಮನೆಗೆ ಹೋಗ್ತಾ ಸಿಲ್ಕ್ ಬೋರ್ಡ್ ಹತ್ತಿರ ನಿಂತಾಗ. ಏನು ಮಾಡ್ಬೇಕು ಅನ್ನೋದನ್ನ ಅವರಲ್ಲೇ ಯಾರೋ ಬಲ್ಲವರು ತೀರ್ಮಾನ ಮಾಡ್ತಿದ್ರು. ರಾತ್ರಿ ಓಡಿಸಿದ ಲೆಕ್ಕವನ್ನ ಇನ್ನೊಮ್ಮೆ ಓಡಿಸೋದು ಒಬ್ಬರಿಗೆ ನೂರು ರೂಪಾಯಿ ಖರ್ಚು, ಇನ್ನೊಬ್ಬರಿಗೆ ಬೇಡವೇ ಬೇಡ, ಮತ್ತೊಬ್ಬರಿಗೆ ಅದು ಸೇತುವೆಯೊಂದರ ಲೆಕ್ಕ. ಅದರಲ್ಲಿ ಯಾವುದು ಯಾರದ್ದು ಅಂತ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಅವರ ಪರವಾಗಿ ಬೇಡ ಅಂತ ನಾವು ತೀರ್ಮಾನ ಮಾಡಿದ್ದೆವು.

ಇನ್ನೊಂದು ವಿಷಯ ಇದಕ್ಕಿಂತ ಚುಚ್ಚುತ್ತೆ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಇದೆ. ಬಟ್ಟೆ ಕಡಿಮೆ ಅಳೆದರೆ ಮನೆಗೆ ತಂದು ನೀವೇ ಅಳೀಬಹುದು. ನಮ್ಮ ಟೆಸ್ಟಿಗೆ ತಪ್ಪು ಸಿಕ್ಕಿದ್ದು ಅದಕ್ಕೆ ಉತ್ತರ ಮೊದಲೇ ಗೊತ್ತಿದ್ದರಿಂದ. ಗ್ರಾಹಕರು ಕಂಪ್ಯೂಟರ್ ಬಾಡಿಗೆಗೆ ತಗೊಳ್ಳೋದೇ ಉತ್ತರ ಗೊತ್ತಿಲ್ಲ ಅಂತ. ಪರೀಕ್ಷೆ ಮಾಡೋ ದಾರಿ ಅವರಿಗಿಲ್ಲ, ನಮಗಿತ್ತು. 'ಯಾರೂ ದೂರು ಕೊಟ್ಟಿಲ್ಲ' ಅನ್ನೋದನ್ನ ಆವತ್ತು ನಾವು ಅವರ ಒಪ್ಪಿಗೆ ಅನ್ನೋ ಹಾಗೆ ಎಣಿಸಿದ್ದೆವು. ಫೈಲಿಗೆ ಆಯ್ಕೆ ಮರೆತದ್ದಕ್ಕೆ ನನಗೆ ಅಂಥ ನಾಚಿಕೆ ಇಲ್ಲ, ಅದು ಯಾರಿಗಾದರೂ ಆಗುತ್ತೆ. ಮೀಟಿಂಗ್ ಮುಗಿದ ಮೇಲೆ ಮಾಡಿದ್ದು ಮರೆವಲ್ಲ.

ಕಳೆದ ತಿಂಗಳು ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಆ ಟೆಸ್ಟ್ ತೋರಿಸಿ ಕೇಳಿದಳು, "ಇದು ದಿನಾ ಮೂರು ಗಂಟೆ ತಗೊಳ್ಳುತ್ತಲ್ಲ, ತೆಗೆದುಬಿಡೋಣ್ವಾ?" ಬೇಡ ಅಂದೆ. ಯಾಕೆ ಅಂತ ಎಲ್ಲ ಹೇಳಿದೆ, ಸ್ಟ್ರಕ್ಚರ್, 16 ಬೈಟ್, ಏಳು ವಾರ. ಕಣ್ಣರಳಿಸಿ ಕೇಳಿದಳು. ಆಮೇಲೆ, "ಕಸ್ಟಮರ್ಸ್‌ಗೆ ಹೇಳಿದ್ರಾ?"

"ರಿಲೀಸ್ ನೋಟಿನಲ್ಲಿದೆ" ಅಂದೆ.

ಅಲ್ಲೇ ಲ್ಯಾಪ್‌ಟಾಪ್ ತೆಗೆದು ಹುಡುಕಿದಳು. ಸಿಕ್ಕಿತು. ಓದಿದಳು. ಮುಂದಿನ ಪುಟದಲ್ಲಿ ಇರಬಹುದು ಅಂದ್ಕೊಂಡು ಕೆಳಗೆ ಸ್ಕ್ರೋಲ್ ಮಾಡಿ, ಮತ್ತೆ ಮೇಲೆ ಬಂದು, ಅದೇ ಸಾಲನ್ನ ಇನ್ನೊಂದು ಸಲ ಓದಿದಳು.