ಬಾಯಿಬಿಟ್ಟು ಕೇಳಲಾರದ ಅಗತ್ಯ

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. ಮನೆ ಬಿಟ್ಟು ಘಟ್ಟ ಇಳಿದು ಬಂದ ಕುಟುಂಬಗಳಿಗೆ ನಮ್ಮ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಯ ಪರಿಹಾರ ಕೇಂದ್ರಗಳು ಆಸರೆಯಾದವು. ಇನ್ನೊಂದು ಮಳೆಗಾಲದಲ್ಲಿ ಅಜ್ಜಾವರದ ಶಾಲೆಯೋ ಸಭಾಭವನವೋ ಗಂಜಿ ಕೇಂದ್ರವಾಗಬೇಕಾದೀತು. ಆಗ ನಾವು ಏನನ್ನು ಒಟ್ಟುಮಾಡುತ್ತೇವೆ? ಅಕ್ಕಿ, ಬೇಳೆ, ಕಂಬಳಿ, ಹಳೆಯ ಬಟ್ಟೆ. ಒಳ್ಳೆಯದೇ. ಆದರೆ ಅಲ್ಲಿಗೆ ಬಂದವರಲ್ಲಿ ತಿಂಗಳು ತುಂಬಿದ ಬಸುರಿ ಇರಬಹುದು, ಹತ್ತು ದಿನದ ಬಾಣಂತಿ ಇರಬಹುದು, ಅಂದೇ ಮುಟ್ಟಾದ ಹುಡುಗಿ ಇರಬಹುದು. ಅವರ ಅಗತ್ಯ ನಮ್ಮ ಪಟ್ಟಿಯಲ್ಲಿದೆಯೇ?

"ಮೊದಲು ಜೀವ ಉಳಿಯಲಿ, ಉಳಿದದ್ದು ಆಮೇಲೆ" ಎಂದು ಕೆಲವರು ಹೇಳುತ್ತಾರೆ. ಆದರೆ ಇದೂ ಜೀವದ ಪ್ರಶ್ನೆಯೇ ಅಲ್ಲವೇ? ರಸ್ತೆ ಕಡಿದುಹೋಯಿತೆಂದು ಹೆರಿಗೆನೋವು ಕಾಯುವುದಿಲ್ಲ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣ ಹೋಗಬಹುದು. ಹೊಕ್ಕುಳಬಳ್ಳಿಯನ್ನು ಕೊಳಕು ಬ್ಲೇಡಿನಿಂದ ಕೊಯ್ದರೆ ಶಿಶುವಿಗೆ ಧನುರ್ವಾಯು ತಗಲಬಹುದು. ಇದನ್ನು ತಡೆಯಲು ಬೇಕಾಗುವುದು ಸಾಬೂನು, ಹೊಸ ಬ್ಲೇಡು, ಶುದ್ಧವಾದ ದಾರ, ಹಾಸಲು ಒಂದು ಪ್ಲಾಸ್ಟಿಕ್ ಹಾಳೆ, ತಿಳಿದವಳೊಬ್ಬಳ ಕೈ. ಬೆಲೆ ಅಲ್ಪ, ಆದರೆ ಮೊದಲೇ ಸಿದ್ಧವಿರಬೇಕು.

"ಯಾರೂ ಕೇಳಲಿಲ್ಲವಲ್ಲ" ಎಂಬುದು ಇನ್ನೊಂದು ಮಾತು. ನೂರಾರು ಜನರಿರುವ ಹಾಲ್‌ನಲ್ಲಿ, ಪರಿಚಯವಿಲ್ಲದ ಯುವಕ ಸ್ವಯಂಸೇವಕನ ಮುಂದೆ ನಿಂತು ಹೆಣ್ಣುಮಗಳು ಹೇಗೆ ಕೇಳಿಯಾಳು? ಅವಳು ಒದ್ದೆ ಬಟ್ಟೆಯಲ್ಲೇ ದಿನ ಕಳೆಯುತ್ತಾಳೆ. ರಾತ್ರಿ ಕತ್ತಲಲ್ಲಿ ಶೌಚಾಲಯಕ್ಕೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಅವಳ ಮೌನವನ್ನು ಅಗತ್ಯವಿಲ್ಲವೆಂದು ತಿಳಿಯುವುದು ನ್ಯಾಯವಲ್ಲ. ಕೇಳಲು ನಾಚುವವರಿಗೆ ಕೇಳುವ ಮೊದಲೇ ಕೊಡುವುದು ಕೊಡುವವನ ಕರ್ತವ್ಯ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಹೊರಡಿಸಿದ ಪರಿಹಾರದ ಕನಿಷ್ಠ ಮಾನದಂಡಗಳು ಇದನ್ನೇ ಹೇಳುತ್ತವೆ: 30 ಜನರಿಗೆ ಒಂದು ಶೌಚಾಲಯ, ಹೆಂಗಸರಿಗೆ ಪ್ರತ್ಯೇಕ ಸ್ನಾನ-ಶೌಚದ ಏರ್ಪಾಡು, ಸ್ಯಾನಿಟರಿ ಪ್ಯಾಡುಗಳು, ಗರ್ಭಿಣಿಯರ ಸುರಕ್ಷಿತ ಹೆರಿಗೆಗೆ ವ್ಯವಸ್ಥೆ. ಹೀಗಾಗಿ ಇದು ದಯೆಯ ವಿಷಯ ಮಾತ್ರವಲ್ಲ, ಹಕ್ಕೂ ಹೌದು.

"ಪ್ರಜನನ ಆರೋಗ್ಯ" ಎಂಬ ಪದ ಕೇಳಿದರೆ ನಮ್ಮಲ್ಲಿ ಕೆಲವರಿಗೆ ಅಳುಕು. 1994ರ ಕೈರೋ ಸಮ್ಮೇಳನದಲ್ಲಿ ವ್ಯಾಟಿಕನ್ ಈ ಪದದ ಬಗ್ಗೆ ತನ್ನ ಆಕ್ಷೇಪವನ್ನು ದಾಖಲಿಸಿತ್ತು. ಗರ್ಭಪಾತದ ವಿಷಯದಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟವಾಗಿದೆ. ಆದರೆ ಒಂದು ಪದದ ಮೇಲಿನ ಜಗಳ, ಹೆರಿಗೆ, ಬಾಣಂತನ, ಶುಚಿತ್ವಗಳಿಂದ ನಮ್ಮನ್ನು ದೂರ ಇಡಬಾರದು. ಅತ್ಯಾಚಾರಕ್ಕೆ ಒಳಗಾದವಳಿಗೆ ಎಚ್‌ಐವಿ ತಡೆಯುವ ಮದ್ದನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಅಲ್ಲಿ ನಾಚಿಕೆಯಿಂದ ತಡಮಾಡುವುದೇ ಅಪಚಾರ. ಜೀವವನ್ನು ಗರ್ಭದಿಂದಲೇ ಗೌರವಿಸಬೇಕೆನ್ನುವ ನಾವು, ಆ ಜೀವವನ್ನು ಹೊತ್ತವಳನ್ನು ಮರೆತರೆ ನಮ್ಮ ಮಾತಿಗೆ ಬೆಲೆ ಎಲ್ಲಿ?

ಮಳೆಗಾಲಕ್ಕೆ ಮೊದಲೇ ಮಾಡಬಹುದಾದ ಕೆಲಸಗಳಿವೆ. ಯಾವ ಮನೆಯಲ್ಲಿ ಬಸುರಿ, ಬಾಣಂತಿ ಇದ್ದಾರೆಂದು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್‌ಗೆ ಗೊತ್ತು. ಮೊದಲು ಅವರನ್ನು ಸುರಕ್ಷಿತ ಕಡೆಗೆ ಕಳುಹಿಸಬಹುದು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಗೆ ಸಿಗುವಂತೆ ಇಡಲು ಮನೆಯವರಿಗೆ ಹೇಳಬಹುದು. ಕೇಂದ್ರದಲ್ಲಿ ಹೆಂಗಸರ ವಸ್ತುಗಳನ್ನು ಹಂಚುವ ಕೆಲಸವನ್ನು ಚರ್ಚಿನ ಸ್ತ್ರೀ ಸಂಘಟನೆಯ ಸದಸ್ಯರು ವಹಿಸಿಕೊಳ್ಳಬಹುದು, ಜಾತಿ ಧರ್ಮ ನೋಡದೆ.

ಊರಿನಿಂದ ದೂರ, ತಂಗಲು ಸ್ಥಳವಿಲ್ಲದೆ ಹೆತ್ತ ತಾಯಿಯನ್ನು ನಾವು ಪ್ರತಿ ಕ್ರಿಸ್ಮಸ್‌ಗೆ ಗೋದಲಿ ಕಟ್ಟಿ ನೆನೆಯುತ್ತೇವೆ. ಅಂಥ ತಾಯಿ ನಮ್ಮೂರಿನ ಶಾಲೆಯ ಜಗಲಿಗೆ ಬಂದಾಗ, ಅವಳಿಗಾಗಿ ಒಂದು ಪರದೆ, ಒಂದು ದೀಪ, ಒಂದು ಶುಚಿಯಾದ ಹಾಸಿಗೆ ಸಿದ್ಧವಿರಲಿ.